ಡ್ಯೂಟಿ ಮುಗಿದ ಮೇಲೂ ಲಾರಿ ಓಡಿಸಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಲಾರಿ ಚಾಲಕರಿಗೆ ಗಂಟೆಗಳ ಮಿತಿ ಇದೆಯಂತೆ. ಹಾಗಾದರೆ ಡ್ಯೂಟಿ ಮುಗಿದ ಚಾಲಕ ಅದೇ ಲಾರಿಯಲ್ಲಿ ಊಟಕ್ಕೆ ಹೋಗುವಂತಿಲ್ಲವೇ?

ಉತ್ತರ: ಹೋಗಬಹುದು. ಸರಕು ಸಾಗಿಸುವ ಚಾಲಕರು ಅಲ್ಲಿ ಸತತ 10 ಗಂಟೆ ವಿರಾಮದ ನಂತರ ಹೆಚ್ಚೆಂದರೆ 11 ಗಂಟೆ ವಾಹನ ಓಡಿಸಬಹುದು. ಅದೂ ಕೆಲಸ ಶುರುವಾದ 14 ಗಂಟೆಯೊಳಗೆ. ಆದರೆ ಕೆಲಸದಿಂದ ಬಿಡುವು ಪಡೆದು ಸ್ವಂತ ಕಾರಣಕ್ಕೆ ಓಡಿಸಿದ ಹೊತ್ತು ಈ 11 ಗಂಟೆಯ ಲೆಕ್ಕಕ್ಕೆ ಸೇರದು. ಅದು ವಿರಾಮವೆಂದೇ ದಾಖಲಾಗುತ್ತದೆ. ಲಾರಿಯಲ್ಲಿ ಸರಕು ತುಂಬಿದ್ದರೂ ಅಡ್ಡಿಯಿಲ್ಲವೆಂದು 2018ರ ಮಾರ್ಗಸೂಚಿ ಸ್ಪಷ್ಟಪಡಿಸಿತು.

ಇಲ್ಲಿ ಮುಖ್ಯವಾಗುವುದು ಪ್ರಯಾಣದ ಉದ್ದೇಶ. ತಂಗಿದ ಜಾಗದಿಂದ ಹೋಟೆಲಿಗೆ ಹೋದರೆ ಸ್ವಂತ ಬಳಕೆ. ಸರಕು ಇಳಿಸುವಷ್ಟರಲ್ಲಿ ಗಂಟೆಗಳು ಮುಗಿದುಹೋದರೆ, ಹತ್ತಿರದ ಸುರಕ್ಷಿತ ತಂಗುದಾಣಕ್ಕೆ ಹೋಗುವುದೂ ಅಷ್ಟೇ. ಆದರೆ ಮರುದಿನದ ಲೋಡಿಗೆ ಹತ್ತಿರವಾಗಲೆಂದು ಸಿಕ್ಕ ತಂಗುದಾಣವನ್ನು ಬಿಟ್ಟು ಮುಂದೆ ಸಾಗಿದರೆ, ಅಥವಾ ರಿಪೇರಿಗೆಂದು ಗ್ಯಾರೇಜಿಗೆ ಒಯ್ದರೆ, ಅದು ಮಾಲೀಕನ ಕೆಲಸವೇ ಆಯಿತು.

ದೂರಕ್ಕೆ ಅಮೆರಿಕದ ಮಾರ್ಗಸೂಚಿ ಮಿತಿ ಹಾಕಿಲ್ಲ. ಪಕ್ಕದ ಕೆನಡಾದಲ್ಲಿ ದಿನಕ್ಕೆ 75 ಕಿ.ಮೀ., ಲಾರಿಯೂ ಖಾಲಿ ಇರಬೇಕು. ಹಾಗೆಂದು ಅಮೆರಿಕದ ಚಾಲಕನಿಗೆ ಪೂರ್ಣ ಸ್ವಾತಂತ್ರ್ಯವೇನೂ ಇಲ್ಲ: ಕಂಪನಿ ಬಯಸಿದರೆ ತನ್ನದೇ ಮಿತಿ ಹೇರಬಹುದು, ಸ್ವಂತ ಬಳಕೆಯನ್ನೇ ನಿಷೇಧಿಸಲೂಬಹುದು. ಕಣ್ಣು ಎಳೆಯುವಷ್ಟು ದಣಿದಿದ್ದರೆ ಊಟಕ್ಕೂ ಲಾರಿ ಓಡಿಸುವಂತಿಲ್ಲ.