ಒಂದೇ ಪೆಟ್ಟಿಗೆ, ಎರಡು ಒಲೆ: ಮನೆಯಲ್ಲಿ ಕನ್ವೆಕ್ಷನ್ ಬೇಕಿಂಗ್

ನಗರದ ಅಡುಗೆಮನೆಗಳಲ್ಲಿ ಕನ್ವೆಕ್ಷನ್ ಸೌಲಭ್ಯವುಳ್ಳ ಮೈಕ್ರೋವೇವ್ ಓವನ್ ಈಗ ಅಪರೂಪದ ವಸ್ತುವಲ್ಲ. ಆದರೆ ಕೊಂಡ ಹೊಸತರಲ್ಲಿ ಒಂದೆರಡು ಕೇಕ್ ಮಾಡಿ, ಮೇಲೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿದದ್ದನ್ನು ಕಂಡು ಬೇಸತ್ತು, ಕೊನೆಗೆ ನಿನ್ನೆಯ ಸಾರು ಬಿಸಿ ಮಾಡಲಷ್ಟೇ ಆ ದುಬಾರಿ ಯಂತ್ರವನ್ನು ಮೀಸಲಿಟ್ಟ ಮನೆಗಳಿಗೂ ಕೊರತೆಯಿಲ್ಲ. ಈ ಒಂದೇ ಪೆಟ್ಟಿಗೆಯೊಳಗೆ ಸ್ವಭಾವದಲ್ಲಿ ತೀರಾ ಭಿನ್ನವಾದ ಎರಡು ಒಲೆಗಳಿವೆ. ಅದನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಮೈಕ್ರೋವೇವ್. ಇದರ ಅಲೆಗಳು ಮುಖ್ಯವಾಗಿ ಆಹಾರದಲ್ಲಿರುವ ನೀರಿನ ಅಣುಗಳನ್ನು ಕಲಕಿ ಶಾಖ ಹುಟ್ಟಿಸುತ್ತವೆ. ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗುವುದರಿಂದ, ತೇವವಿರುವ ಹಿಟ್ಟು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಬ್ರೆಡ್ಡು, ಬಿಸ್ಕತ್ತುಗಳಿಗೆ ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುವ ಮೈಲಾರ್ಡ್ ಎಂಬ ರಾಸಾಯನಿಕ ಕ್ರಿಯೆ ಚುರುಕಾಗಲು ಮೇಲ್ಮೈಯು ಸುಮಾರು 140 ಡಿಗ್ರಿ ಮುಟ್ಟಬೇಕು. ಬರಿಯ ಮೈಕ್ರೋವೇವ್‌ನಲ್ಲಿ ಬೆಂದ ಕೇಕ್ ಇಡ್ಲಿಯಂತೆ ಬಿಳಚಿಕೊಂಡಿರುವುದು ಇದರಿಂದಲೇ.

ಎರಡನೆಯದು ಕನ್ವೆಕ್ಷನ್. ಇಲ್ಲಿ ಹೀಟರ್ ಕಾಯಿಸಿದ ಗಾಳಿಯನ್ನು ಫ್ಯಾನ್ ಒಳಗೆಲ್ಲ ಸುತ್ತಿಸುತ್ತದೆ. ಗಾಳಿ ಬೀಸುವ ದಿನ ಒದ್ದೆ ಬಟ್ಟೆ ಬೇಗ ಒಣಗುವುದಷ್ಟೆ. ಹಾಗೆಯೇ ಚಲಿಸುವ ಬಿಸಿಗಾಳಿಯು ನಿಂತ ಗಾಳಿಗಿಂತ ವೇಗವಾಗಿ ಶಾಖವನ್ನು ಹಿಟ್ಟಿಗೆ ದಾಟಿಸುತ್ತದೆ. ಆದ್ದರಿಂದ ಫ್ಯಾನ್ ಇಲ್ಲದ ಓವನ್‌ಗೆಂದು ಬರೆದ ಪಾಕವಿಧಾನದಲ್ಲಿ 180 ಡಿಗ್ರಿ ಎಂದಿದ್ದರೆ ನೀವು 160ರಿಂದ 165ಕ್ಕೆ ಇಳಿಸಬೇಕು. 40 ನಿಮಿಷ ಎಂದಿದ್ದರೆ 30ನೇ ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಬೇಕು. ಅದಕ್ಕೂ ಮುನ್ನ ಬಾಗಿಲು ತೆರೆಯುವ ಕುತೂಹಲ ಬೇಡ. ತಣ್ಣನೆಯ ಗಾಳಿ ನುಗ್ಗಿದರೆ ಇನ್ನೂ ಗಟ್ಟಿಯಾಗದ ಕೇಕಿನ ನಡುಭಾಗ ಕುಸಿಯುತ್ತದೆ.

ಪಾತ್ರೆಯ ವಿಷಯದಲ್ಲಿ ಎರಡೂ ಒಲೆಗಳ ನಿಯಮ ತದ್ವಿರುದ್ಧ. ಮೈಕ್ರೋವೇವ್‌ನಲ್ಲಿ ಲೋಹ ಇಟ್ಟರೆ ಕಿಡಿ ಹಾರುತ್ತದೆ. ಕನ್ವೆಕ್ಷನ್‌ಗೆ ಅಲ್ಯೂಮಿನಿಯಂ ಟಿನ್ನೇ ಶ್ರೇಷ್ಠ. ಮೈಕ್ರೋವೇವ್‌ಗೆ ಯೋಗ್ಯವೆಂದು ಬರೆದ ಪ್ಲಾಸ್ಟಿಕ್ ಡಬ್ಬಿ ಕನ್ವೆಕ್ಷನ್‌ನಲ್ಲಿ ಕರಗಿ ಹೋಗುತ್ತದೆ. ಕಾಂಬಿನೇಷನ್ ಕ್ರಮದಲ್ಲಿ ಮೈಕ್ರೋವೇವ್ ಕೂಡ ಕೆಲಸ ಮಾಡುವುದರಿಂದ, ಕೈಪಿಡಿ ಒಪ್ಪಿದ ಸ್ಟ್ಯಾಂಡ್‌ನ ಹೊರತು ಬೇರೆ ಲೋಹ ಸಲ್ಲದು. ಟಿನ್ನನ್ನು ಗಿಡ್ಡ ಸ್ಟ್ಯಾಂಡ್ ಮೇಲಿಟ್ಟು, ಸುತ್ತಲೂ ಗಾಳಿ ಆಡಲು ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ತಳಕ್ಕೆ ವೃತ್ತಪತ್ರಿಕೆಯ ಹಾಳೆ ಹಾಸುವ ಹಳೆಯ ಅಭ್ಯಾಸವನ್ನಂತೂ ಬಿಡಬೇಕು. ಪತ್ರಿಕೆ ಓದುವುದಕ್ಕೇ ಇರಲಿ, ಅದರ ಮಸಿ ಕೇಕಿಗೆ ಅಂಟುವುದು ಬೇಡ.

ಓವನ್ ಮೊದಲೇ ಕಾದಿರಬೇಕು ಎಂಬುದಕ್ಕೂ ಕಾರಣವಿದೆ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಸರಿನ ಹುಳಿಯೂ ಅಡುಗೆ ಸೋಡಾವೂ ಸೇರಿದ ಕ್ಷಣದಿಂದಲೇ ಅನಿಲ ಏಳತೊಡಗುತ್ತದೆ. ಹಿಟ್ಟು ಕಲಸಿಟ್ಟು ಆಮೇಲೆ ಓವನ್ ಹಚ್ಚಿದರೆ, ಉಬ್ಬಿಸಬೇಕಾದ ಗುಳ್ಳೆಗಳು ಅಷ್ಟರಲ್ಲಿ ಹೊರಟೇ ಹೋಗಿರುತ್ತವೆ. ಕನ್ವೆಕ್ಷನ್ ಕ್ರಮದಲ್ಲಿ ಖಾಲಿ ಓವನ್ ಕಾಯಿಸುವುದು ಸರಿಯಾದ ವಿಧಾನ. ಮೈಕ್ರೋವೇವ್ ಕ್ರಮದಲ್ಲಿ ಮಾತ್ರ ಖಾಲಿ ಓವನ್ ನಡೆಸಲೇಬಾರದು, ಯಂತ್ರ ಕೆಡುತ್ತದೆ.

ನಮ್ಮ ರಾಜ್ಯದವರು ಗಮನಿಸಬೇಕಾದ ಇನ್ನೊಂದು ಅಂಶ ಊರಿನ ಎತ್ತರ. ಮಂಗಳೂರು ಸಮುದ್ರ ಮಟ್ಟದಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್, ಮಡಿಕೇರಿ 1,100 ಮೀಟರಿಗೂ ಎತ್ತರ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಕೇಕ್ ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ಕುಸಿಯಬಹುದು. ಮಂಗಳೂರಿನ ಬಂಧುಗಳು ಕೊಟ್ಟ ಅಳತೆ ಮಡಿಕೇರಿಯಲ್ಲಿ ಕೈಕೊಟ್ಟರೆ, ಚಮಚಕ್ಕೆ ಒಂದು ಚಿಟಿಕೆಯಷ್ಟು ಬೇಕಿಂಗ್ ಪೌಡರ್ ಕಡಿಮೆ ಮಾಡಿ ನೋಡಬಹುದು.

ಬೇಕಿಂಗ್‌ಗೆ ತೊಡಗುವ ಮುನ್ನ ಗೋಡೆಯ ಪ್ಲಗ್ ಕಡೆಗೂ ಒಮ್ಮೆ ನೋಡಿ. ಕನ್ವೆಕ್ಷನ್ ಕ್ರಮದಲ್ಲಿ ಇಂಥ ಓವನ್ ಸುಮಾರು 2,000 ವ್ಯಾಟ್ ಎಳೆಯುತ್ತದೆ. ಮಿಕ್ಸಿಗೆ ಬಳಸುವ 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1,380 ವ್ಯಾಟ್ ಮಾತ್ರ. 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸಬೇಕು, ಎಕ್ಸ್‌ಟೆನ್ಷನ್ ಪೆಟ್ಟಿಗೆ ಅಥವಾ ಪ್ಲಗ್ ಬದಲಿಸುವ ಅಡಾಪ್ಟರ್ ಕೂಡದು. ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸುವುದೇ ಕ್ಷೇಮ.

ಮೊದಲ ಪ್ರಯೋಗಕ್ಕೆ ಕೇಕಿಗಿಂತ ಅಯ್ಯಂಗಾರ್ ಬೇಕರಿಗಳು ಮನೆಮಾತಾಗಿಸಿದ ಖಾರ ಬಿಸ್ಕತ್ತು ಲೇಸು. ಇಲ್ಲಿ ಉಬ್ಬುವ, ಕುಸಿಯುವ ಚಿಂತೆಯಿಲ್ಲ. 125 ಗ್ರಾಂ ಮೈದಾ, 60 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ರುಚಿಗೆ ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೇರಿಸಿ, ಹಿಟ್ಟು ಕೂಡಿಕೊಳ್ಳುವಷ್ಟು ಮಾತ್ರ ಮೊಸರು ಹಾಕಿ. ಹೆಚ್ಚು ನಾದದೆ, ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ. ಕಾದ ಓವನ್‌ನಲ್ಲಿ 160 ಡಿಗ್ರಿಗೆ 18ರಿಂದ 22 ನಿಮಿಷ ಬೇಕು. ಅಂಚು ಕೆಂಪಗಾದೊಡನೆ ಹೊರತೆಗೆಯಿರಿ. ಆಗ ಮೆತ್ತಗಿದ್ದರೂ ಗಾಬರಿಯಾಗಬೇಕಿಲ್ಲ, ತಣಿದ ಮೇಲೆ ಗರಿಗರಿಯಾಗುತ್ತವೆ. ಪೂರ್ತಿ ಆರುವವರೆಗೆ ಡಬ್ಬಿಗೆ ತುಂಬಬೇಡಿ.