ಒಂದನೇ ತಾರೀಖಿನ ಓದುಗರು

2016ರ ಮೇ ತಿಂಗಳಲ್ಲಿ ಅಮೆರಿಕದ ಕಾದಂಬರಿಗಾರ್ತಿ ಎನ್.ಕೆ. ಜೆಮಿಸಿನ್ ತಮ್ಮ ಓದುಗರಲ್ಲಿ ಒಂದು ಮನವಿ ಮಾಡಿಕೊಂಡರು. ಆ ಹೊತ್ತಿಗೆ ಅವರ ಆರು ಕಾದಂಬರಿಗಳು ಬಂದಿದ್ದವು. ಹೆಸರಾಂತ ಪ್ರಕಾಶಕರು, ಒಳ್ಳೆಯ ವಿಮರ್ಶೆ, ಪ್ರಶಸ್ತಿಗಳ ಅಂತಿಮ ಪಟ್ಟಿಯಲ್ಲಿ ಹೆಸರು, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಜೀವನ ಸಾಗಿಸಲು ಅವರು ಆಪ್ತ ಸಮಾಲೋಚಕಿಯಾಗಿ ನೌಕರಿ ಮಾಡುತ್ತಿದ್ದರು. ಕಾದಂಬರಿಗೆ ದಕ್ಕುತ್ತಿದ್ದದ್ದು ಕೆಲಸ ಮುಗಿದ ಮೇಲೆ ಉಳಿದ ಹೊತ್ತು. ತಿಂಗಳು ತಿಂಗಳು ನಿಮ್ಮ ಕೈಲಾದಷ್ಟು ಕೊಟ್ಟರೆ ನೌಕರಿ ಬಿಟ್ಟು ಬರೆಯುತ್ತೇನೆ ಎಂಬುದು ಮನವಿಯ ಸಾರ. ಕೆಲವೇ ದಿನಗಳಲ್ಲಿ ಬೇಕಾದಷ್ಟು ಓದುಗರು ಮುಂದೆ ಬಂದರು. ಜೆಮಿಸಿನ್ ನೌಕರಿ ಬಿಟ್ಟರು. ಅದೇ ವರ್ಷ ಅವರ ‘ದಿ ಫಿಫ್ತ್ ಸೀಸನ್’ಗೆ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಪ್ರಶಸ್ತಿ ಬಂತು. ಅದರ ಮುಂದಿನ ಎರಡು ಭಾಗಗಳಿಗೆ 2017 ಮತ್ತು 2018ರಲ್ಲಿ ಮತ್ತದೇ ಪ್ರಶಸ್ತಿ. ಸತತ ಮೂರು ವರ್ಷ ಅದನ್ನು ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಆರು ಕಾದಂಬರಿ ಬರೆದವರಿಗೂ ನೌಕರಿ ಯಾಕೆ ಬೇಕಿತ್ತು? ಅಲ್ಲಿ ಪ್ರಕಾಶಕರು ಮುಂಗಡ ಹಣವನ್ನು ಕಂತಿನಲ್ಲಿ ಕೊಡುತ್ತಾರೆ. ಒಪ್ಪಂದಕ್ಕೆ ಸಹಿ ಹಾಕಿದಾಗ ಒಂದು ಕಂತು, ಹಸ್ತಪ್ರತಿ ಒಪ್ಪಿಸಿದಾಗ ಇನ್ನೊಂದು, ಪುಸ್ತಕ ಹೊರಬಂದಾಗ ಮತ್ತೊಂದು. ರಾಯಲ್ಟಿಯ ಲೆಕ್ಕ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಅದೂ ಮುಂಗಡ ಚುಕ್ತಾ ಆದ ಮೇಲೆ. ಮನೆ ಬಾಡಿಗೆ, ದಿನಸಿ, ಆರೋಗ್ಯ ವಿಮೆಯ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ. ಹಣ ಎಷ್ಟು ಕಡಿಮೆ ಎನ್ನುವುದಕ್ಕಿಂತ ಯಾವಾಗ ಬಂದೀತೆಂದು ಗೊತ್ತಿಲ್ಲದಿರುವುದೇ ಲೇಖಕರನ್ನು ನೌಕರಿಗೆ ಕಟ್ಟಿಹಾಕುತ್ತದೆ.

ನಮ್ಮ ಲೆಕ್ಕವನ್ನೇ ಹಾಕಿ ನೋಡಿ. 250 ರೂಪಾಯಿಯ ಪುಸ್ತಕಕ್ಕೆ ನೂರಕ್ಕೆ ಹತ್ತರಂತೆ ರಾಯಲ್ಟಿ ಎಂದರೆ ಪ್ರತಿಯೊಂದಕ್ಕೆ 25 ರೂಪಾಯಿ. ಸಾವಿರ ಪ್ರತಿಗಳ ಮುದ್ರಣ ಪೂರ್ತಿ ಖರ್ಚಾದರೆ 25,000. ಖರ್ಚಾಗಲು ಎರಡು ವರ್ಷ ಹಿಡಿದರೆ ಲೇಖಕರ ಕೈಗೆ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ. ಅದೇ ಲೇಖಕರಿಗೆ 300 ಓದುಗರು ತಿಂಗಳಿಗೆ ನೂರರಂತೆ ಕೊಟ್ಟರೆ 30,000. ಸಾವಿರ ಜನ ಕೊಂಡರೂ ಆಗದ ಕೆಲಸ ಮುನ್ನೂರು ಜನರಿಂದ ಆಗುತ್ತದೆ. ಆದರೆ ಆ ಮುನ್ನೂರು ಜನ ಈ ತಿಂಗಳೂ ಇರಬೇಕು, ಬರುವ ತಿಂಗಳೂ ಇರಬೇಕು.

ಓದುಗರಿಂದ ನೇರವಾಗಿ ಹಣ ಪಡೆಯುವುದು ಈಗಿನ ಆವಿಷ್ಕಾರವೇನಲ್ಲ. ಇಂಗ್ಲೆಂಡಿನ ಕವಿ ಅಲೆಕ್ಸಾಂಡರ್ ಪೋಪ್ ಹೋಮರನ ‘ಇಲಿಯಡ್’ ಅನುವಾದಕ್ಕೆ ಕೈಹಾಕಿದಾಗ ಮೊದಲು ಚಂದಾದಾರರನ್ನು ಹುಡುಕಿದರು. ಕ್ಯಾಥೊಲಿಕ್ ಆದ ಕಾರಣ ಅವರಿಗೆ ವಿಶ್ವವಿದ್ಯಾಲಯದ ಬಾಗಿಲೂ ಸರ್ಕಾರಿ ಹುದ್ದೆಯ ಬಾಗಿಲೂ ಮುಚ್ಚಿದ್ದವು. 1715ರಿಂದ 1720ರವರೆಗೆ ಆರು ಸಂಪುಟಗಳು, ಸಂಪುಟಕ್ಕೆ ಒಂದು ಗಿನಿ, 575 ಚಂದಾದಾರರು. ಅವರ ಹೆಸರಿನ ಪಟ್ಟಿಯನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಲಾಯಿತು. ಪೋಪ್ ಕೈಗೆ ಸುಮಾರು ಐದು ಸಾವಿರ ಪೌಂಡ್ ಬಂತು. ಆ ಕಾಲಕ್ಕೆ ಅದು ಭಾರಿ ಮೊತ್ತ. ಯಾವ ಶ್ರೀಮಂತನ ಮನೆಬಾಗಿಲಲ್ಲೂ ನಿಲ್ಲದೆ ಅವರು ಕೊನೆಯವರೆಗೆ ಬದುಕಿದ್ದು ಇದರ ಬಲದ ಮೇಲೆ.

ಆದರೆ ಚಂದಾ ಹಣ ಎಂದರೆ ಸಾಲ. ಸ್ಯಾಮ್ಯುಯೆಲ್ ಜಾನ್ಸನ್ 1756ರಲ್ಲಿ ಷೇಕ್ಸ್‌ಪಿಯರ್ ನಾಟಕಗಳ ಆವೃತ್ತಿಗೆ ಚಂದಾ ಎತ್ತಿ, ಮರುವರ್ಷವೇ ಕೊಡುತ್ತೇನೆಂದು ಮಾತು ಕೊಟ್ಟರು. ಪುಸ್ತಕ ಬಂದದ್ದು 1765ರಲ್ಲಿ. ನಡುವೆ ಚಾರ್ಲ್ಸ್ ಚರ್ಚಿಲ್ ಎಂಬ ಕವಿ, ಈತ ದುಡ್ಡು ಇಸಿದುಕೊಂಡು ಪುಸ್ತಕ ಕೊಡುತ್ತಿಲ್ಲವೆಂದು ಪದ್ಯದಲ್ಲೇ ಮೂದಲಿಸಿದ. ಪುಸ್ತಕ ಬರುವ ಹೊತ್ತಿಗೆ ಚಂದಾದಾರರ ಹೆಸರುಗಳು ಕಳೆದುಹೋಗಿದ್ದವು, ಹಣವೂ ಖರ್ಚಾಗಿತ್ತು. ಜಾನ್ಸನ್ ಅಂಥ ವಿದ್ವಾಂಸರಿಗೇ ಹೀಗಾಯಿತೆಂದರೆ, ಓದುಗರ ಹಣ ಮುಟ್ಟುವ ಪ್ರತಿಯೊಬ್ಬ ಲೇಖಕರೂ ಎರಡು ಸಲ ಯೋಚಿಸಬೇಕು.

ಇನ್ನೊಂದು ಪಾಠ ಸ್ಟೀಫನ್ ಕಿಂಗ್ ಅವರದು. 2000ದಲ್ಲಿ ಅವರು ‘ದಿ ಪ್ಲಾಂಟ್’ ಕಾದಂಬರಿಯನ್ನು ಕಂತುಗಳಲ್ಲಿ ನೇರವಾಗಿ ಓದುಗರಿಗೆ ಮಾರತೊಡಗಿದರು. ಶುರುವಿನಲ್ಲಿ ಒಂದು ಕಂತಿಗೆ ಒಂದು ಡಾಲರ್. ನೂರರಲ್ಲಿ 75 ಜನ ಪ್ರಾಮಾಣಿಕವಾಗಿ ಕೊಟ್ಟರೆ ಮುಂದುವರಿಸುತ್ತೇನೆ ಎಂಬ ಷರತ್ತು. ಮೊದಮೊದಲು ಕೊಟ್ಟರು. ಬರಬರುತ್ತಾ ಕೊಡುವವರು ಕಡಿಮೆಯಾದರು. ಆರನೇ ಕಂತಿಗೆ ಕಿಂಗ್ ನಿಲ್ಲಿಸಿದರು. ಕಾದಂಬರಿ ಇಂದಿಗೂ ಅಪೂರ್ಣ. ಪ್ರತಿ ಸಲವೂ ‘ಕೊಡಲೋ ಬೇಡವೋ’ ಎಂದು ಓದುಗರು ಹೊಸದಾಗಿ ತೀರ್ಮಾನಿಸಬೇಕಾದ ಕಡೆ ಜಗತ್ಪ್ರಸಿದ್ಧ ಲೇಖಕರಿಗೂ ಆದಾಯ ಸ್ಥಿರವಾಗಿರುವುದಿಲ್ಲ.

ಈ ಗಂಟನ್ನು ಬಿಡಿಸಿದ್ದು ಪೇಟ್ರಿಯಾನ್, ಜೆಮಿಸಿನ್ ಮನವಿ ಮಾಡಿಕೊಂಡ ಜಾಲತಾಣ. ಜ್ಯಾಕ್ ಕಾಂಟೆ ಎಂಬ ಸಂಗೀತಗಾರ ಗೆಳೆಯ ಸ್ಯಾಮ್ ಯಾಮ್ ಜೊತೆ 2013ರಲ್ಲಿ ಶುರು ಮಾಡಿದ ಸಂಸ್ಥೆ ಇದು. ಕೈಯಿಂದ ಹಣ ಹಾಕಿ ತಿಂಗಳುಗಟ್ಟಲೆ ದುಡಿದು ತಯಾರಿಸಿದ ವಿಡಿಯೊಗೆ ಜಾಹೀರಾತಿನಿಂದ ಪುಡಿಗಾಸು ಬಂದದ್ದೇ ಕಾಂಟೆಗೆ ಪ್ರೇರಣೆ. ಇಲ್ಲಿ ಓದುಗರು ಒಮ್ಮೆ ಒಪ್ಪಿದರೆ ಸಾಕು, ಬೇಡವೆನ್ನುವವರೆಗೆ ತಿಂಗಳು ತಿಂಗಳು ಹಣ ತಾನಾಗಿ ಹೋಗುತ್ತದೆ. ಸಂಸ್ಥೆ ತನ್ನ ಪಾಲು ಹಿಡಿದು ಉಳಿದದ್ದನ್ನು ಲೇಖಕರಿಗೆ ದಾಟಿಸುತ್ತದೆ. ಬಹುಪಾಲು ಹಣ ಒಂದನೇ ತಾರೀಖಿಗೇ ಸೇರುತ್ತಿದ್ದುದರಿಂದ ಲೇಖಕರಿಗೆ ಮೊದಲ ಸಲ ಸಂಬಳದಂಥದ್ದೊಂದು ಸಿಕ್ಕಿತು.

ಮಧ್ಯವರ್ತಿಯನ್ನು ಪೂರ್ತಿ ನಂಬುವುದೂ ತಪ್ಪು ಎಂದು 2017ರ ಡಿಸೆಂಬರ್ ತೋರಿಸಿಕೊಟ್ಟಿತು. ಪಾವತಿಯ ಶುಲ್ಕವನ್ನು ಇನ್ನು ಮುಂದೆ ಓದುಗರೇ ಕೊಡಬೇಕೆಂದು ಪೇಟ್ರಿಯಾನ್ ಪ್ರಕಟಿಸಿತು. ಪ್ರತಿ ಪಾವತಿಗೆ ನೂರಕ್ಕೆ 2.9ರ ಜೊತೆಗೆ 35 ಸೆಂಟ್. ನೂರು ಡಾಲರ್ ಕೊಡುವವರಿಗೆ ಅದು ದೊಡ್ಡ ಹೊರೆಯಲ್ಲ. ಒಂದು ಡಾಲರ್ ಕೊಡುವವರಿಗೆ ಒಂದು ಡಾಲರ್ 38 ಸೆಂಟ್ ಆಗುತ್ತಿತ್ತು. ಹತ್ತು ಜನ ಲೇಖಕರಿಗೆ ಒಂದೊಂದು ಡಾಲರ್ ಕೊಡುತ್ತಿದ್ದವರು ಗುಂಪು ಗುಂಪಾಗಿ ಬಿಟ್ಟು ಹೋದರು. ವಾರದೊಳಗೆ ಸಂಸ್ಥೆ ಕ್ಷಮೆ ಕೇಳಿ ನಿರ್ಧಾರ ಹಿಂತೆಗೆದುಕೊಂಡಿತು. ಆದರೆ ಹೋದ ಓದುಗರೆಲ್ಲ ಮರಳಿ ಬರಲಿಲ್ಲ. ಈ ಏರ್ಪಾಡು ನಿಂತಿರುವುದೇ ಇಂಥ ಒಂದೊಂದು ಡಾಲರಿನವರ ಮೇಲೆ. ಅವರಿಗೆ ನೋವಾದರೆ ಮೊದಲು ಸೊರಗುವವರು ಲೇಖಕರು.

ಕನ್ನಡಕ್ಕೆ ಇದೆಲ್ಲ ಪರದೇಶದ ಸುದ್ದಿ ಎನ್ನುವವರಿಗೆ ಗಳಗನಾಥರನ್ನು ನೆನಪಿಸಬೇಕು. ಗಳಗನಾಥರೆಂದೇ ಹೆಸರಾದ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ‘ಸದ್ಬೋಧ ಚಂದ್ರಿಕೆ’ ಪತ್ರಿಕೆಗೆ ಅವರ ಕಾದಂಬರಿಗಳು ಓದುಗರನ್ನು ತಂದವು. ಧಾರವಾಡದಲ್ಲಿ ಜಿ.ಬಿ. ಜೋಶಿ 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರನ್ನು ನೆಚ್ಚಿಕೊಂಡು. ಗಿರೀಶ ಕಾರ್ನಾಡ ಎಂಬ ಇಪ್ಪತ್ತರ ಹರೆಯದ ಹುಡುಗನ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಇನ್ನು ಲಂಕೇಶರು 1980ರಲ್ಲಿ ಜಾಹೀರಾತಿಲ್ಲದೆ ಪತ್ರಿಕೆ ಶುರು ಮಾಡಿ, ತಾವಿರುವವರೆಗೂ ಓದುಗರ ಕಾಸಿನ ಮೇಲೆಯೇ ನಡೆಸಿದರು. ಈ ಅಭ್ಯಾಸ ನಮಗಿತ್ತು. ಗ್ರಂಥಾಲಯದ ಸಗಟು ಖರೀದಿಯನ್ನು ನೆಚ್ಚಿಕೊಂಡು ನಾವೇ ಅದನ್ನು ಕೈಬಿಟ್ಟೆವು. ಸರ್ಕಾರದ ಬಿಲ್ಲು ಪಾಸಾದಾಗ ಹಣ ಪ್ರಕಾಶಕರಿಗೆ, ಅಲ್ಲಿಂದ ಎಂದೋ ಒಂದು ದಿನ ಲೇಖಕರಿಗೆ. ಇದು ಸ್ಥಿರ ಆದಾಯದ ದಾರಿ ಖಂಡಿತ ಅಲ್ಲ.

ಈಗ ಸಲಕರಣೆಗೂ ಕೊರತೆ ಇಲ್ಲ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದಾಗ ಭಾರತದ ಕಾರ್ಡುಗಳಿಂದ ವಿದೇಶಿ ಸಂಸ್ಥೆಗಳಿಗೆ ತಿಂಗಳ ಪಾವತಿ ಕಷ್ಟವಾಯಿತು. ಆದರೆ ಅದಕ್ಕೂ ಮೊದಲೇ, 2020ರ ಜುಲೈನಲ್ಲಿ, ಯುಪಿಐ ಆಟೊಪೇ ಬಂದಿತ್ತು. ಫೋನಿನಲ್ಲಿ ಒಮ್ಮೆ ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳೂ ಅಷ್ಟು ಹಣ ಹೋಗುತ್ತದೆ. ಹೋಗುವ ಹಿಂದಿನ ದಿನವೇ ಸಂದೇಶ ಬರುತ್ತದೆ. ಬೇಡವಾದಾಗ ಅಲ್ಲೇ ರದ್ದು ಮಾಡಬಹುದು. ತರಕಾರಿ ಅಂಗಡಿಯಲ್ಲಿ ಫೋನು ಹಿಡಿದು ದುಡ್ಡು ಕೊಡುವ ಯಾರಿಗೂ ಇದು ಕಷ್ಟವಲ್ಲ.

ಉಳಿದದ್ದು ಲೇಖಕರ ಶಿಸ್ತು. ತಿಂಗಳಿಗೊಂದು ಕಥೆ, ಒಂದು ಪತ್ರ, ದಿನವೂ ಒಂದು ಟಿಪ್ಪಣಿ ಎಂದೆಲ್ಲ ಮಾತು ಕೊಟ್ಟವರು ಆರೇ ತಿಂಗಳಲ್ಲಿ ಸುಸ್ತಾಗುತ್ತಾರೆ. ಕಾದಂಬರಿಗೆಂದು ಕೇಳಿದ ಹಣ ಕಾದಂಬರಿಯ ಹೊತ್ತನ್ನೇ ತಿಂದುಹಾಕುತ್ತದೆ. ತಿಂಗಳಿಗೆ ಒಂದೇ ಬರಹ, ಆದರೆ ಹೇಳಿದ ದಿನಕ್ಕೆ: ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ತಡವಾದರೆ ಮುಚ್ಚಿಡದೆ ತಿಳಿಸಬೇಕು. ನಿಧಾನವಾಗಿ ಬರೆಯುವ ಕವಿಗಳಿಗೆ, ಹತ್ತು ವರ್ಷ ಒಂದೇ ಸಂಶೋಧನೆಯಲ್ಲಿ ಮುಳುಗುವವರಿಗೆ ಈ ದಾರಿ ಹೊಂದದು. ಅವರಿಗೆ ಫೆಲೋಶಿಪ್ಪು, ಅಕಾಡೆಮಿಯ ನೆರವು ಬೇಕೇ ಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ನೀವು ಮೆಚ್ಚುವ, ಇನ್ನೂ ಬರೆಯುತ್ತಿರುವ ಒಬ್ಬ ಕನ್ನಡ ಲೇಖಕರನ್ನು ಆರಿಸಿಕೊಳ್ಳಿ. ಅವರಿಂದ ಗೌರವ ಪ್ರತಿ ಕೇಳಬೇಡಿ. ಮುಂದಿನ ಪುಸ್ತಕಕ್ಕೆ ಈಗಿನಿಂದಲೇ ತಿಂಗಳಿಗೆ ಇಷ್ಟು ಎಂದು ಕಳಿಸುತ್ತೇನೆ, ಯಾವ ಖಾತೆಗೆ ಕಳಿಸಲಿ ಎಂದು ಕೇಳಿ. ನೂರು ರೂಪಾಯಿ ಆಗದಿದ್ದರೆ ಐವತ್ತಾದರೂ ಆಗಲಿ, ಕನಿಷ್ಠ ಒಂದು ವರ್ಷ ನಿಲ್ಲಿಸಬೇಡಿ.