ಬಾವಿಗೆ ಜಿಗಿಯೋದಕ್ಕೂ ಡೈವಿಂಗ್‌ಗೂ ಏನು ಫರಕು?

ಹುಮನಾಬಾದ್: ಬೇಸಿಗೆ ಬಂತಂದ್ರೆ ನಮ್ಮ ಕಡೆ ಹೊಲದ ಬಾವಿಗಳಲ್ಲಿ ಹುಡುಗರ ಜಿಗಿತ ಶುರು. ಇದೇ ಜಿಗಿತ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಅನ್ನೋ ಸ್ಪರ್ಧೆ. ಪುರುಷರಿಗೆ 1904ರಲ್ಲಿ, ಮಹಿಳೆಯರಿಗೆ 1912ರಲ್ಲಿ ಆರಂಭವಾಯಿತು.

ಅಲ್ಲಿ 3 ಮೀಟರ್ ಎತ್ತರದ ಪುಟಿಯುವ ಹಲಗೆ ಅಥವಾ 10 ಮೀಟರ್ ಎತ್ತರದ ಗಟ್ಟಿ ಕಟ್ಟೆಯಿಂದ ಹಾರಬೇಕು. 10 ಮೀಟರ್ ಅಂದ್ರೆ ಮೂರಂತಸ್ತಿನ ಮನೆ ಮಾಳಿಗೆ! ಏಳು ತೀರ್ಪುಗಾರರು ಹತ್ತರೊಳಗೆ ಅಂಕ ಕೊಡ್ತಾರೆ. ಮೇಲಿನ ಎರಡು, ಕೆಳಗಿನ ಎರಡು ಬಿಟ್ಟು ಉಳಿದ ಮೂರನ್ನು ಕೂಡಿಸಿ, ಜಿಗಿತ ಎಷ್ಟು ಕಷ್ಟದ್ದು ಅನ್ನೋ ಅಂಕಿಯಿಂದ ಗುಣಿಸ್ತಾರೆ. 7, 7.5, 7.5 ಬಂದು ಕಷ್ಟದ ಅಂಕಿ 3 ಇದ್ದರೆ 66. ನೀರು ಜಾಸ್ತಿ ಸಿಡಿದರೆ ಅಂಕ ಹೋಗ್ತದೆ. ನಮ್ಮ ಹುಡುಗರ ಲೆಕ್ಕ ಉಲ್ಟಾ, ಹೆಚ್ಚು ಸಿಡಿಸಿದವನೇ ಹೀರೊ.

ದೊಡ್ಡ ಫರಕು ಆಳದ್ದು. 10 ಮೀಟರ್ ಕಟ್ಟೆಯಿಂದ ಹಾರಿದವರು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ನೀರಿಗೆ ಬೀಳ್ತಾರೆ. ಅದಕ್ಕೇ ಕೆಳಗೆ ಸುಮಾರು 5 ಮೀಟರ್, ಅಂದರೆ 16 ಅಡಿ ನೀರು ಇಟ್ಟಿರ್ತಾರೆ. ನಮ್ಮ ಬಾವಿಗಳಲ್ಲಿ ಮೇ ತಿಂಗಳ ಹೊತ್ತಿಗೆ ನೀರು ಇಳಿದಿರ್ತದೆ, ತಳದ ಬಂಡೆ ಕಾಣೋದಿಲ್ಲ. ತಲೆ ಬಡಿದರೆ ಕುತ್ತಿಗೆ ಎಲುಬು ಮುರಿದು ಕೈಕಾಲಿನ ಸ್ವಾಧೀನವೇ ಹೋಗಬಹುದು. ಹೋದ ವರ್ಷ ಹಾರಿದ ಬಾವಿಯೇ ಆದರೂ, ತಲೆ ಕೆಳಗೆ ಮಾಡಿ ಹಾರೋದು ಬೇಡ.